ಆಂಟಿಗೆ, ಉಳಿದವರಿಗೂ

ಕಡೆಗೂ ಅಫಿಡವಿಟ್‌ಗಳೆಲ್ಲ ಕೋರ್ಟ್ ಸೇರಿದವು. ನ್ಯೂಜಿಲೆಂಡಿನ ಮೂಲನಿವಾಸಿ ಮಾವೊರಿಗಳು ತಮ್ಮ ಕಡಲತೀರದ ಹಕ್ಕಿಗಾಗಿ ಹಾಕಿದ ಈ ಕೇಸಿನ ಕತೆ ನಿಮಗೆ ಗೊತ್ತೇ ಇದೆ, ಫೋನಲ್ಲಿ ಕೇಳಿ ಕೇಳಿ ಸಾಕಾಗಿರುತ್ತದೆ.

ಹಳೇ ನಕ್ಷೆ ಹುಡುಕಿಕೊಟ್ಟ ಸಹೋದ್ಯೋಗಿಗಳು, ನನ್ನ ಮಾವೊರಿ ಉಚ್ಚಾರಣೆ ತಿದ್ದಿದ ಗೆಳತಿ, ಆಕ್ಲೆಂಡಿನಿಂದ ಚಟ್ನಿಪುಡಿ ಕಳಿಸಿದ ಕನ್ನಡದ ಸ್ನೇಹಿತರು, ಎಲ್ಲರಿಗೂ ಥ್ಯಾಂಕ್ಸ್.

ಇನ್ನು ಆಂಟಿ, ಊರಿನ ಮಾವೊರಿ ಹಿರಿಯರು. ಹೆಸರು ಹಾಕಬೇಡ ಅಂದಿದ್ದಾರೆ. ಇಡೀ ಊರಿಗೇ ಅವರು ಆಂಟಿ, ನನಗೂ ಅಷ್ಟೇ.

ಕಡಲತೀರದ ಹಕ್ಕು ಬೇಕಾದರೆ, ಬ್ರಿಟಿಷರ ಜೊತೆ ವೈಟಾಂಗಿ ಒಪ್ಪಂದವಾದ 1840ರಿಂದ ಇವತ್ತಿನವರೆಗೆ ಆ ಜಾಗ ತಮ್ಮ ಕೈಯಲ್ಲೇ ಇತ್ತು ಅಂತ ಮಾವೊರಿಗಳು ತೋರಿಸಬೇಕು. 2011ರ ಕಾನೂನು ಹೇಳಿದ್ದು ಅದನ್ನು. 2025ರ ಅಕ್ಟೋಬರ್‌ನಲ್ಲಿ ಸಂಸತ್ತು ಅದನ್ನು ಇನ್ನೂ ಬಿಗಿ ಮಾಡಿತು. ಹೊರಗಿನವರನ್ನು ದೂರ ಇಡುವ ಮನಸ್ಸೂ ಇತ್ತು, ತಾಕತ್ತೂ ಇತ್ತು ಅಂತ ಸಾಬೀತು ಮಾಡಬೇಕಂತೆ. ಹೇಳಬಲ್ಲ ಹಿರಿಯರಲ್ಲಿ ಎಷ್ಟೋ ಜನ ಆಗಲೇ ಇಲ್ಲ. ಒಂದು ರಾತ್ರಿ ಆಫೀಸಲ್ಲಿ ಕೂತು ರಾಜೀನಾಮೆ ಪತ್ರ ಬರೆಯುತ್ತಿದ್ದೆ. ಆಂಟಿ ಬಂದರು, ಕುರ್ಚಿ ಎಳೆದು ಕೂತರು. "ಇವರಿಗೆ ಇನ್ನೇನು ಬೇಕಂತೆ?" ಅಂದರು. ಹೇಳಿದೆ. ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ, ಕಡಲಲ್ಲಿ ಮುಳುಗಿದ ತಮ್ಮನ ಸುದ್ದಿ ತೆಗೆದರು.

ಕಡಲಲ್ಲಿ ಸಾವಾದರೆ ಮಾವೊರಿಗಳು ಅಲ್ಲಿ ರಾಹುಯಿ ಹಾಕುತ್ತಾರೆ. ನಮ್ಮಲ್ಲಿ ಮನೆಗೆ ಸೂತಕ ಇದ್ದ ಹಾಗೆ, ಇದು ನೀರಿಗೆ. ಮೀನು, ಚಿಪ್ಪು ಏನೂ ತೆಗೆಯುವಂತಿಲ್ಲ. ಮಗನ ಹೆಣ ಇನ್ನೂ ಸಿಕ್ಕಿರಲಿಲ್ಲ, ಆಗಲೇ ಆಂಟಿಯ ಅಪ್ಪ ದಡದಲ್ಲಿ ನಿಂತು ಹೊರಗಿನ ದೋಣಿಗಳನ್ನು ವಾಪಸ್ ಕಳಿಸಿದರಂತೆ. ಒಬ್ಬರೂ ಎದುರು ಮಾತಾಡಲಿಲ್ಲವಂತೆ.

ನಮಗೆ ಬೇಕಿದ್ದ ಪುರಾವೆ ಅದೇ. ಬೆಳಗಿನ ಜಾವದವರೆಗೆ ಅವರು ಹೇಳಿದರು, ನಾನು ಟೈಪ್ ಮಾಡಿದೆ. ಯಾರ ದೋಣಿ? ಎಲ್ಲಿಂದ ತಿರುಗಿತು? ಕೇಳುತ್ತಲೇ ಇದ್ದೆ. ಒಬ್ಬ ಹುಡುಗನ ಸಾವಿಗೆ ಪ್ಯಾರಾ ನಂಬರ್ ಹಾಕುವಾಗ ಅಳು ತಡೆಯೋಕಾಗಲಿಲ್ಲ. ಇದೆಂಥ ಕೆಲಸ, ಇದೆಂಥ ಕಾನೂನು! ಆಂಟಿ ಅಳಲಿಲ್ಲ. "ಇದನ್ನೂ ಬರಿ, ಕೊನೇ ದೋಣಿಯವನು ಟೋಪಿ ತೆಗೆದ" ಅಂದರು.

ಬರೆದೆ. ರಾಜೀನಾಮೆ ಪತ್ರ ಅಳಿಸಿದೆ. (ಇದನ್ನೆಲ್ಲ ಇಲ್ಲಿ ಹಾಕೋದಕ್ಕೆ ಅವರ ಒಪ್ಪಿಗೆ ಇದೆ.)

ಏನು ತೀರ್ಪು ಬರುತ್ತೋ ಗೊತ್ತಿಲ್ಲ. ಆಂಟಿ ಸಾಕ್ಷಿ ಹೇಳುವ ದಿನ ಬರಲು ಆಗುವವರು ಬನ್ನಿ. ಕೋರ್ಟಲ್ಲಿ ಹಿಂದಿನ ಬೆಂಚುಗಳು ತುಂಬಿರಬೇಕಂತೆ, ಅವರ ಆರ್ಡರು.