ಹಾಸಿಗೆ ಹಿಡಿಯುವ ಮೊದಲೇ ಬನ್ನಿ: ಕಾಸರಗೋಡು ಜಿಲ್ಲಾ ಪಂಚಾಯತು ಅಧ್ಯಕ್ಷರಿಗೆ ಬಹಿರಂಗ ಪತ್ರ

ಮಾನ್ಯ ಅಧ್ಯಕ್ಷರಿಗೆ ನಮಸ್ಕಾರಗಳು.

ಹಾಸಿಗೆ ಹಿಡಿದವರನ್ನು ನೋಡಲು ಪಾಲಿಯೇಟಿವ್ (ನೋವು ತಗ್ಗಿಸುವ ಆರೈಕೆಯ) ನರ್ಸ್ ವಾಹನದಲ್ಲಿ ಮನೆಗೇ ಬರುವ ವ್ಯವಸ್ಥೆ ನಮ್ಮ ಪಂಚಾಯತುಗಳಲ್ಲಿದೆ. 2008ರಲ್ಲೇ ಇದಕ್ಕೊಂದು ನೀತಿ ರೂಪಿಸಿದ ರಾಜ್ಯ ನಮ್ಮ ಕೇರಳವೆಂಬ ಅಭಿಮಾನ ನನಗಿದೆ. ಬೇಡಿಕೆ ಒಂದೇ. ಇನ್ನೂ ಹಾಸಿಗೆ ಹಿಡಿಯದ, ಆದರೆ ನೋವಿನಿಂದ ಅಂಗಳ ದಾಟಲಾಗದ ಹಿರಿಯರ ಮನೆಗೂ ಆ ವಾಹನ ಬರಲಿ. ಅದರಲ್ಲಿ ವ್ಯಾಯಾಮದ ಚಿಕಿತ್ಸೆ ಕೊಡುವ ಫಿಸಿಯೋಥೆರಪಿಸ್ಟ್ ಒಬ್ಬರಿರಲಿ.

ಪೆರ್ಲ, ಬದಿಯಡ್ಕ, ಮುಳ್ಳೇರಿಯ ಕಡೆಯ ಮನೆಗಳು ತಮಗೆ ಗೊತ್ತು. ಮಾರ್ಗ ಮೇಲೆ ಗುಡ್ಡೆಯಲ್ಲಿ, ಮನೆ ಕೆಳಗೆ ಅಡಿಕೆ ತೋಟದ ಬದಿಯಲ್ಲಿ, ನಡುವೆ ಮುರಕಲ್ಲಿನ ಮೆಟ್ಟಿಲು. ಮಳೆಗಾಲದಲ್ಲಿ ಅದರ ತುಂಬ ಪಾಚಿ. ನಮ್ಮ ನೆರೆಮನೆಯ ದೊಡ್ಡಮ್ಮ ಜೀವಮಾನವಿಡೀ ನೆಲದಲ್ಲಿ ಕೂತು ಅಡಿಕೆ ಸುಲಿದವರು, ಬೀಡಿ ಕಟ್ಟಿದವರು. ಈಗ ಎರಡೂ ಮೊಣಗಂಟು ಬಾತಿವೆ. ಜಗಲಿಯಿಂದ ಇಳಿಯುವಾಗ ಗೋಡೆ ಹಿಡಿದು ಅಡ್ಡ ತಿರುಗುತ್ತಾರೆ, ಒಂದು ಕಾಲನ್ನು ಕೆಳಗಿಟ್ಟು ಅದರ ಪಕ್ಕಕ್ಕೆ ಇನ್ನೊಂದನ್ನು ಎಳೆದುಕೊಳ್ಳುತ್ತಾರೆ. ರಾತ್ರಿ ಏಳಬೇಕಾದೀತೆಂದು ಸಂಜೆಯ ಮೇಲೆ ನೀರು ಕುಡಿಯುವುದನ್ನೇ ಬಿಟ್ಟಿದ್ದಾರೆ. ಮದುವೆ, ದೈವದ ನೇಮ, ಗ್ರಾಮಸಭೆ ಎಲ್ಲದಕ್ಕೂ ಹೋಗುವುದು ಒಂದೊಂದಾಗಿ ನಿಂತಿತು.

ಆಸ್ಪತ್ರೆಯಲ್ಲಿ ಸಿಕ್ಕಿದ್ದು "ವಯಸ್ಸಾಯಿತಲ್ಲ" ಎಂಬ ಮಾತು, ಒಂದು ಚೀಟಿ ಮಾತ್ರೆ. ನೋವಿನ ಮಾತ್ರೆಯನ್ನು ವರ್ಷಗಟ್ಟಲೆ ನುಂಗಿದರೆ ಹೊಟ್ಟೆಗೂ ಕಿಡ್ನಿಗೂ ಪೆಟ್ಟು. ಬಿಪಿ, ಸಕ್ಕರೆ ಕಾಯಿಲೆ ಇರುವವರಿಗಂತೂ ಇನ್ನೂ ಅಪಾಯ.

ಮೂರು ತಿಂಗಳಿಗೂ ಮಿಕ್ಕಿ ಕಾಡುವ ನೋವನ್ನು ವೈದ್ಯರು ದೀರ್ಘಕಾಲದ ನೋವು ಎನ್ನುತ್ತಾರೆ. ನೋಯುತ್ತದೆಂದು ನಡೆಯದೆ ಕೂತರೆ ತೊಡೆಯ ಸ್ನಾಯು ಸೊರಗುತ್ತದೆ, ಆಗ ಗಂಟಿಗೆ ಆಸರೆ ತಪ್ಪಿ ನೋವು ಮತ್ತಷ್ಟು ಏರುತ್ತದೆ. ಜೊತೆಗೆ ಬೀಳುವ ಭಯ. ಆ ಭಯಕ್ಕೆ ನಡಿಗೆ ಇನ್ನೂ ಕಡಿಮೆಯಾಗುತ್ತದೆ. ಕೊನೆಗೊಂದು ದಿನ ನಿಜವಾಗಿಯೂ ಬಿದ್ದು ಸೊಂಟದ ಎಲುಬು ಮುರಿದಾಗ ಅವರ ಹೆಸರು ಪಾಲಿಯೇಟಿವ್ ಪಟ್ಟಿಗೆ ಸೇರುತ್ತದೆ. ಅಷ್ಟರವರೆಗೆ ನಾವು ಕಾಯಬೇಕೇ?

ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ 2019ರಲ್ಲಿ ಜಗತ್ತಿನ ಸುಮಾರು 52.8 ಕೋಟಿ ಜನರಿಗೆ ಗಂಟು ಸವೆತವಿತ್ತು, ಅದರಲ್ಲೂ ಮೊಣಗಂಟಿನದೇ ಹೆಚ್ಚು. ಇದಕ್ಕೆ ಮೊದಲ ಮದ್ದುಗಳಲ್ಲೊಂದು ವ್ಯಾಯಾಮ. ಕುರ್ಚಿಯಿಂದ ಕೈ ಊರದೆ ಎದ್ದು ಕೂರುವುದು, ಕೂತಲ್ಲೇ ಕಾಲು ನೀಡಿ ಬಿಗಿ ಹಿಡಿಯುವುದು ಇಂಥವು. ಖರ್ಚಿಲ್ಲ, ಆದರೆ ಎಷ್ಟು ನೋವಿನವರೆಗೆ ಮಾಡಬಹುದು, ಎಲ್ಲಿ ನಿಲ್ಲಿಸಬೇಕೆಂದು ಹೇಳಿಕೊಡುವವರು ಬೇಕು. ಆ ಹೇಳಿಕೆ ಕನ್ನಡದಲ್ಲೋ ತುಳುವಿನಲ್ಲೋ ಇರಬೇಕು. ಮಲಯಾಳದ ಕರಪತ್ರವನ್ನು ದೊಡ್ಡಮ್ಮನಂಥವರು ಮಡಚಿ ಕಪಾಟಿನಲ್ಲಿಡುತ್ತಾರೆ ಅಷ್ಟೇ.

ಮುಂದಿನ ವಾರ್ಷಿಕ ಯೋಜನೆಯಲ್ಲಿ ಮನೆ ಭೇಟಿಗೆಂದೇ ಬ್ಲಾಕಿಗೊಬ್ಬರಂತೆ ಫಿಸಿಯೋಥೆರಪಿಸ್ಟ್ ಸಿಗುವಂತೆ ಬ್ಲಾಕ್ ಮತ್ತು ಗ್ರಾಮ ಪಂಚಾಯತುಗಳನ್ನು ಜೊತೆಗೂಡಿಸಿ. ನಡೆಯಲು ಕಷ್ಟಪಡುವವರು ಯಾವ ಮನೆಯಲ್ಲಿದ್ದಾರೆಂದು ಆಶಾ ಕಾರ್ಯಕರ್ತೆಯರಿಗೆ ಗೊತ್ತು, ಪಟ್ಟಿಯನ್ನು ಅವರಿಂದಲೇ ಮಾಡಿಸಿ. ಮೆಟ್ಟಿಲಿಗೊಂದು ಕೈಹಿಡಿ ಹಾಕಿಸಲು, ಕಕ್ಕಸಿಗೆ ಎತ್ತರದ ಆಸನ ಕೂರಿಸಲು ಸಣ್ಣ ಅನುದಾನವಿರಲಿ. ಯಾವ ಬ್ಲಾಕಿನಿಂದ, ಯಾವ ತಿಂಗಳಿಂದ ಆರಂಭಿಸುವಿರೆಂದು ದಯವಿಟ್ಟು ಸಾರ್ವಜನಿಕವಾಗಿ ತಿಳಿಸಿ.

ವಂದನೆಗಳೊಂದಿಗೆ,
ಪೆರ್ಲ ಸಮೀಪದ ಓರ್ವ ನಿವಾಸಿ