ಜಾಹೀರಾತು ತಿರಸ್ಕರಿಸಿದರೆ ಕಾರಣ ತಿಳಿಸಲಿ

ಮಾನ್ಯರೇ,

ಗದಗ-ಬೆಟಗೇರಿಯ ನಮ್ಮ ಓಣಿಯಲ್ಲಿ ಖಡಕ್ ರೊಟ್ಟಿ, ಶೇಂಗಾ ಚಟ್ನಿ ಮಾಡಿ ಮಾರುವ ಮಹಿಳೆಯೊಬ್ಬರು ಸಾಮಾಜಿಕ ಜಾಲತಾಣವೊಂದರಲ್ಲಿ ಹಣ ಕಟ್ಟಿ ಜಾಹೀರಾತು ಹಾಕಲು ಹೋದರು. ‘ನಿಯಮ ಉಲ್ಲಂಘನೆ’ ಎಂಬ ಒಂದೇ ಸಾಲಿನ ಉತ್ತರ ಬಂತು. ಯಾವ ನಿಯಮ? ತಪ್ಪಿದ್ದುದು ಚಿತ್ರದಲ್ಲೋ, ಬರಹದಲ್ಲೋ? ಕೇಳಿದರೆ ಹೇಳುವವರೇ ಇಲ್ಲ. ಅದೇ ಜಾಲತಾಣದಲ್ಲಿ ‘ಸಕ್ಕರೆ ಕಾಯಿಲೆ ತಿಂಗಳಲ್ಲಿ ಮಾಯ’ ಎನ್ನುವ ಪುಡಿಯ ಜಾಹೀರಾತು ಮಾತ್ರ ರಾಜಾರೋಷವಾಗಿ ಓಡುತ್ತಿದೆ. ಮಧುಮೇಹ ಗುಣಪಡಿಸುತ್ತೇವೆಂದು ಜಾಹೀರಾತು ನೀಡುವುದನ್ನು 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಕಾಯ್ದೆಯೇ ನಿಷೇಧಿಸಿದೆ. ಇದನ್ನು ನಂಬಿ ವೈದ್ಯರು ಕೊಟ್ಟ ಮಾತ್ರೆ ನಿಲ್ಲಿಸುವ ಹಿರಿಯರ ಗತಿಯೇನು?

ಐರೋಪ್ಯ ಒಕ್ಕೂಟದಲ್ಲಿ ಡಿಜಿಟಲ್ ಸೇವೆಗಳ ಕಾಯ್ದೆಯ ಪ್ರಕಾರ, ಜಾಹೀರಾತಿಗೆ ಹಣ ಕೊಟ್ಟವರು ಯಾರು, ಅದನ್ನು ಯಾರಿಗೆ ಗುರಿಯಿಟ್ಟು ತೋರಿಸಲಾಯಿತು ಎಂಬ ದಾಖಲೆಯನ್ನು ಬೃಹತ್ ಜಾಲತಾಣಗಳು, ಜಾಹೀರಾತು ನಿಂತ ಮೇಲೂ ಒಂದು ವರ್ಷ ಸಾರ್ವಜನಿಕರಿಗೆ ತೆರೆದಿಡಬೇಕು. ನಮ್ಮಲ್ಲಿ 2021ರ ಐಟಿ ನಿಯಮಗಳಂತೆ ದೊಡ್ಡ ಜಾಲತಾಣಗಳು ದೂರುಗಳ ಮಾಸಿಕ ವರದಿ ಪ್ರಕಟಿಸಬೇಕಾದರೂ, ಜಾಹೀರಾತುಗಳ ಲೆಕ್ಕವನ್ನು ಪ್ರತ್ಯೇಕವಾಗಿ ಕೊಡಬೇಕೆಂಬ ಕಟ್ಟಳೆ ಅದರಲ್ಲಿಲ್ಲ. ಕೇಂದ್ರ ಸರ್ಕಾರ ಕೂಡಲೇ ಇದನ್ನು ಕಡ್ಡಾಯಗೊಳಿಸಬೇಕು. ತಿರಸ್ಕಾರದ ಕಾರಣವನ್ನು ಕನ್ನಡದಲ್ಲಿಯೇ ತಿಳಿಸುವ ವ್ಯವಸ್ಥೆಯೂ ಆಗಬೇಕು.

– ಓದುಗರೊಬ್ಬರು, ಬೆಟಗೇರಿ, ಗದಗ