ತೆರಿಗೆಯೊಂದಿಗೆ ವಸೂಲಿಯಾದ ಕಸದ ಶುಲ್ಕ ಮತ್ತು ಗ್ರಂಥಾಲಯ ಕರದ ಲೆಕ್ಕ ಕೋರಿ ದೂರು

ಗೆ,
ಮಾನ್ಯ ಪೌರಾಯುಕ್ತರು,
ನಗರಸಭೆ ಕಾರ್ಯಾಲಯ.

ವಿಷಯ: ಘನತ್ಯಾಜ್ಯ ಶುಲ್ಕ, ಗ್ರಂಥಾಲಯ ಕರ ಹಾಗೂ ಪಾದಚಾರಿ ಮಾರ್ಗದ ಕಾಮಗಾರಿಯ ವೆಚ್ಚದ ಬಗ್ಗೆ.

ಮಾನ್ಯರೇ,

ಏಪ್ರಿಲ್ ತಿಂಗಳೊಳಗೆ ಕಟ್ಟಿದವರಿಗೆ ಸಿಗುವ ಶೇ. 5ರ ರಿಯಾಯಿತಿಯನ್ನು ಪಡೆದು ಈ ಸಾಲಿನ ಆಸ್ತಿ ತೆರಿಗೆಯನ್ನು ನಾನು ಪೂರ್ತಿ ಪಾವತಿಸಿದ್ದೇನೆ. ಹನ್ನೊಂದು ವರ್ಷಗಳಿಂದ ಒಮ್ಮೆಯೂ ಬಾಕಿ ಉಳಿಸಿಕೊಂಡವನಲ್ಲ. ತೆರಿಗೆ ಹೆಚ್ಚಾಯಿತು ಎಂಬುದು ನನ್ನ ದೂರಲ್ಲ. ಯಾವ ಕೆಲಸಕ್ಕೆಂದು ಹಣ ಪಡೆದಿದ್ದೀರೋ ಆ ಕೆಲಸ ನಮ್ಮ ಬೀದಿಯಲ್ಲಿ ನಡೆಯುತ್ತಿಲ್ಲ ಎಂಬುದು ನನ್ನ ದೂರು.

ಘನತ್ಯಾಜ್ಯ ಶುಲ್ಕವೆಂದು ತಿಂಗಳಿಗೆ ರೂ. 50ರಂತೆ ವರ್ಷಕ್ಕೆ ರೂ. 600 ನನ್ನ ರಸೀದಿಯಲ್ಲಿ ಸೇರಿದೆ. 2016ರ ಘನತ್ಯಾಜ್ಯ ನಿರ್ವಹಣಾ ನಿಯಮಗಳು ಬಂದ ಮೇಲೆ ಹಸಿ ಕಸ, ಒಣ ಕಸ ಬೇರೆ ಮಾಡಿಯೇ ಕೊಡಬೇಕೆಂದು ನಿಮ್ಮ ಸಿಬ್ಬಂದಿ ಮನೆಮನೆಗೆ ಬಂದು ಹೇಳಿದ್ದರು, ನಾವೂ ಅದನ್ನು ಪಾಲಿಸುತ್ತಿದ್ದೇವೆ. ಪಕ್ಕದ ಮನೆಯ ಅಜ್ಜಿಯೊಬ್ಬರು ಹಾಲಿನ ಖಾಲಿ ಪ್ಯಾಕೆಟ್ಟುಗಳನ್ನು ತೊಳೆದು, ಬಟ್ಟೆ ಒಣಗಿಸುವ ತಂತಿಗೆ ಸಿಕ್ಕಿಸಿ, ಒಣಗಿದ ಮೇಲೆ ಚೀಲಕ್ಕೆ ತುಂಬಿಡುತ್ತಾರೆ. ನಾಲ್ಕು ದಿನಕ್ಕೊಮ್ಮೆ ಬರುವ ಕಸದ ಆಟೋದಲ್ಲಿ ನಡುವಿನ ತಡೆಹಲಗೆ ಮುರಿದುಹೋಗಿರುವುದರಿಂದ ಆ ಚೀಲವೂ ನಿನ್ನೆಯ ಅನ್ನ ಸಾರಿನ ಮೇಲೆಯೇ ಬೀಳುತ್ತದೆ. ಇದರಲ್ಲಿ ಪೌರಕಾರ್ಮಿಕರ ತಪ್ಪು ಸ್ವಲ್ಪವೂ ಇಲ್ಲ. ಹಲಗೆ ಹಾಕಿಸಿಕೊಡಿ ಎಂದು ತಾವೇ ಎರಡು ಸಲ ಕೇಳಿದ್ದಾಗಿ ಅವರು ಹೇಳಿದ್ದಾರೆ. ಅವರ ಮೇಲೆ ಕ್ರಮ ಕೈಗೊಂಡು ಈ ದೂರನ್ನು ಮುಗಿಸಬಾರದೆಂದು ಕಳಕಳಿಯಿಂದ ವಿನಂತಿಸುತ್ತೇನೆ.

ಹಲಗೆಯೊಂದಕ್ಕೆ ಹಣವಿಲ್ಲದ ಇದೇ ವಾರ್ಡಿನಲ್ಲಿ, ಮಾರ್ಚ್ ಎರಡನೆಯ ವಾರ, ಒಂದೂ ಒಡೆಯದ ಪಾದಚಾರಿ ಮಾರ್ಗದ ಇಂಟರ್‌ಲಾಕ್ ಟೈಲ್ಸ್ ಕಿತ್ತು ಹೊಸದನ್ನು ಹಾಕಿಸಲಾಯಿತು. ಅಂದಾಜು ಮೊತ್ತವಾಗಲಿ, ಗುತ್ತಿಗೆದಾರರ ಹೆಸರಾಗಲಿ ತಿಳಿಸುವ ಫಲಕ ಅಲ್ಲಿರಲಿಲ್ಲ. ಕಿತ್ತ ಟೈಲ್ಸ್ ಇಂದಿಗೂ ಶಾಲೆಯ ಕಾಂಪೌಂಡಿಗೆ ಒರಗಿ ರಾಶಿಯಾಗಿ ಬಿದ್ದಿದೆ. ಅಲ್ಲಿಂದ ಕೂಗಳತೆಯಲ್ಲಿ ಚರಂಡಿಯ ಚಪ್ಪಡಿ ಕುಸಿದಿದ್ದು, ಮಕ್ಕಳು ಬೀಳಬಾರದೆಂದು ನಿವಾಸಿಗಳೇ ಅದರೊಳಗೆ ಮರದ ಕೊಂಬೆ ನೆಟ್ಟು ಕೆಂಪು ಬಟ್ಟೆ ಕಟ್ಟಿದ್ದಾರೆ. ಆರ್ಥಿಕ ವರ್ಷ ಮುಗಿಯುವ ಮುನ್ನ ಅನುದಾನ ಖರ್ಚಾಗಲೇಬೇಕೆಂದಿದ್ದರೆ, ಆ ಚಪ್ಪಡಿಗೇ ಖರ್ಚು ಮಾಡಬಹುದಿತ್ತಲ್ಲವೇ?

ಇನ್ನು ಗ್ರಂಥಾಲಯ ಕರ. ಕರ್ನಾಟಕ ಸಾರ್ವಜನಿಕ ಗ್ರಂಥಾಲಯಗಳ ಅಧಿನಿಯಮ, 1965ರಂತೆ ತೆರಿಗೆಯ ಪ್ರತಿ ರೂಪಾಯಿಗೆ ಆರು ಪೈಸೆ ನೀವು ವಸೂಲಿ ಮಾಡುತ್ತೀರಿ, ನನ್ನ ರೂ. 4,000 ತೆರಿಗೆಯ ಮೇಲೆ ರೂ. 240 ಆಗಿದೆ. ಈ ಹಣ ನಗರಸಭೆಯದಲ್ಲ, ಗ್ರಂಥಾಲಯ ಪ್ರಾಧಿಕಾರಕ್ಕೆ ಸಂದಾಯವಾಗಬೇಕಾದದ್ದು. ನಮ್ಮ ಬಡಾವಣೆಯ ಶಾಖಾ ಗ್ರಂಥಾಲಯದಲ್ಲಿ ಮಳೆ ಬಂದಾಗ ಪತ್ರಿಕೆಯ ಮೇಜನ್ನು ಗೋಡೆಯಿಂದ ಈಚೆಗೆ ಎಳೆದುಕೊಂಡು ಓದಬೇಕಾಗಿದೆ. ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಹುಡುಗ ಹುಡುಗಿಯರು ಸಂಜೆ ಒಂದೇ ಟ್ಯೂಬ್‌ಲೈಟಿನ ಕೆಳಗೆ ಒತ್ತಿಕೊಂಡು ಕೂರುತ್ತಾರೆ. ಕಾರಣ ಕೇಳಿದರೆ ಕರದ ಹಣ ಬಂದಿಲ್ಲವೆಂದು ಅಲ್ಲಿನ ಸಿಬ್ಬಂದಿ ಹೇಳುತ್ತಾರೆ, ಕಳಿಸಿದ್ದೇವೆಂದು ನಿಮ್ಮ ಕಂದಾಯ ಶಾಖೆಯವರು ಹೇಳುತ್ತಾರೆ.

ಆದ್ದರಿಂದ ಕಳೆದ ಆರ್ಥಿಕ ವರ್ಷದಲ್ಲಿ ವಸೂಲಾದ ಗ್ರಂಥಾಲಯ ಕರ ಎಷ್ಟು, ಅದರಲ್ಲಿ ಯಾವ ದಿನಾಂಕದಂದು ಎಷ್ಟನ್ನು ಸಂದಾಯ ಮಾಡಲಾಗಿದೆ, ಮೇಲಿನ ಟೈಲ್ಸ್ ಕಾಮಗಾರಿಗೆ ಎಷ್ಟು ಬಿಲ್ ಪಾವತಿಯಾಗಿದೆ ಎಂಬುದನ್ನು ಲಿಖಿತವಾಗಿ ತಿಳಿಸಬೇಕೆಂದು ಕೋರುತ್ತೇನೆ. ಹತ್ತು ರೂಪಾಯಿ ಶುಲ್ಕದೊಂದಿಗೆ ಮಾಹಿತಿ ಹಕ್ಕಿನ ಅರ್ಜಿಯಲ್ಲಿ ಇದನ್ನು ಕೇಳಬಹುದೆಂದು ನನಗೆ ಗೊತ್ತು. ಆದರೆ ಆ ಅಧಿನಿಯಮದ 4ನೇ ಪ್ರಕರಣವು ಇಂಥ ವಿವರಗಳನ್ನು ಯಾರೂ ಕೇಳುವ ಮೊದಲೇ ಕಚೇರಿಯೇ ಪ್ರಕಟಿಸಬೇಕೆಂದು ಹೇಳುವುದರಿಂದ ಮೊದಲು ಈ ಪತ್ರ ಬರೆದಿದ್ದೇನೆ. ಆಟೋದ ಹಲಗೆ ಮತ್ತು ಚರಂಡಿಯ ಚಪ್ಪಡಿ ಮಾತ್ರ ಉತ್ತರಕ್ಕೆ ಕಾಯದೆ ಈ ವಾರವೇ ಆಗಬೇಕು, ಏಕೆಂದರೆ ಶಾಲೆ ಶುರುವಾಗಿದೆ.

ಲಗತ್ತು: ತೆರಿಗೆ ರಸೀದಿಯ ಪ್ರತಿ, ನಾಲ್ಕು ಛಾಯಾಚಿತ್ರಗಳು.

ಇಂತಿ ತಮ್ಮ ವಿಶ್ವಾಸಿ,
ವಾರ್ಡಿನ ತೆರಿಗೆದಾರ